ಕಪ್ಪಿನ ಕೆಳಗಿನ ಚಿತ್ರ

ವೃತ್ತಿಯ ನೆನಪುಗಳನ್ನು ಬರೆಯುವವರು ಸಾಮಾನ್ಯವಾಗಿ ಮೂವತ್ತು ವರ್ಷ ದುಡಿದು, ಹಾರ ಹಾಕಿಸಿಕೊಂಡು ಮನೆಗೆ ಬಂದಿರುತ್ತಾರೆ. ನಾನು ವಿಡಿಯೊ ಎಡಿಟಿಂಗ್ ಮಾಡಿದ್ದು ನಾಲ್ಕೇ ವರ್ಷ. ಬಿಟ್ಟಾಗ ಇಪ್ಪತ್ತೆಂಟು, ಈಗ ಮೂವತ್ತಮೂರು. ಆದರೂ ಇದನ್ನು ನಿವೃತ್ತಿ ಎಂದೇ ಕರೆಯುತ್ತೇನೆ, ಏಕೆಂದರೆ ಆ ಕೆಲಸಕ್ಕೆ ನಾನು ಮರಳುವುದಿಲ್ಲ. ಕಳೆದ ತಿಂಗಳು ಪರಿಚಯದ ಹುಡುಗಿಯೊಬ್ಬಳು ಮ್ಯಾನ್‌ಹಟನ್ನಿನ ಸ್ಟುಡಿಯೊ ಒಂದಕ್ಕೆ ಸೇರುವ ಮುಂಚೆ ಫೋನ್ ಮಾಡಿ, "ಅಕ್ಕಾ, ಕೆಲಸ ಹೇಗಿರುತ್ತೆ? ಒಂಚೂರು ಟಿಪ್ಸ್ ಕೊಡಿ" ಎಂದಳು. ಬೆನ್ನುನೋವಿನ ಬಗ್ಗೆ, ಕಣ್ಣಿಗೆ ಹಾಕುವ ಹನಿಯ ಬಗ್ಗೆ, ಪ್ರತಿಯೊಂದನ್ನೂ ಎರಡು ಕಡೆ ಉಳಿಸಿಡುವ ಬಗ್ಗೆ ಹೇಳಿ ಫೋನಿಟ್ಟೆ. ಹೇಳಬೇಕಾದ್ದು ಬೇರೆಯೇ ಇತ್ತು. ಅದನ್ನು ಇಲ್ಲಿ ಬರೆಯುತ್ತಿದ್ದೇನೆ.

ನಾನು ಕೆಲಸ ಮಾಡಿದ್ದು ನ್ಯೂಯಾರ್ಕಿನ ಬೆಲ್‌ರೋಸಿನಲ್ಲಿ, ಹಿಲ್‌ಸೈಡ್ ಅವೆನ್ಯೂದ ಒಂದು ದಿನಸಿ ಅಂಗಡಿಯ ಮೇಲಿನ ಮಹಡಿಯಲ್ಲಿ. ಮೆಟ್ಟಿಲು ಹತ್ತುವಾಗ ಇಂಗಿನ ವಾಸನೆ ಬರುತ್ತಿತ್ತು. ಮಾಲೀಕರು ವಿನ್ಸೆಂಟ್ ಅಂಕಲ್, ಮಂಗಳೂರಿನವರು. ಊರಿನಲ್ಲಿ ಫೋಟೊ ಸ್ಟುಡಿಯೊ ನಡೆಸಿ, ಇಲ್ಲಿಗೆ ಬಂದ ಮೇಲೆ ಮದುವೆಗಳ ವಿಡಿಯೊ, ನಾಮಕರಣದ ವಿಡಿಯೊ, ಚರ್ಚಿನ ಕಾರ್ಯಕ್ರಮಗಳ ವಿಡಿಯೊ ಮಾಡುತ್ತಿದ್ದರು. ನಾನು ನ್ಯೂಜೆರ್ಸಿಯಲ್ಲಿ ಎಂ.ಎ. ಮುಗಿಸಿ, ದೊಡ್ಡ ಸ್ಟುಡಿಯೊಗಳಿಗೆಲ್ಲ ಅರ್ಜಿ ಹಾಕಿ, ಎಲ್ಲೂ ಸಿಗದೆ ಅಲ್ಲಿಗೆ ಹೋದವಳು. ನನ್ನ ಹೆಸರಿಗೆ ವೀಸಾ ಹಾಕಲು ಒಪ್ಪಿದವರು ಅವರೊಬ್ಬರೇ.

ಮೊದಲ ಎರಡು ವಾರ ನನಗೆ ಮೌಸ್ ಮುಟ್ಟಲು ಬಿಡಲಿಲ್ಲ. ಟೇಪುಗಳಿಗೆ ಚೀಟಿ ಅಂಟಿಸುವುದು, ಪ್ರತಿ ಟೇಪನ್ನು ಪೂರ್ತಿ ನೋಡಿ ಎಷ್ಟನೇ ನಿಮಿಷದಲ್ಲಿ ಏನಿದೆ ಎಂದು ನೋಟ್‌ಬುಕ್ಕಿನಲ್ಲಿ ಬರೆಯುವುದು, ಇಷ್ಟೇ ಕೆಲಸ. "ಧಾರೆ, ನಲವತ್ತೆರಡು. ಹುಡುಗಿಯ ಅಪ್ಪ ಅಳುವುದು, ನಲವತ್ತನಾಲ್ಕು." ವಿನ್ಸೆಂಟ್ ಅಂಕಲ್ ಒಂದು ನಿಯಮ ಇಟ್ಟಿದ್ದರು: ಹೊರಗೆ ಹೋಗುವ ಡಿಸ್ಕನ್ನು ಮೊದಲಿನಿಂದ ಕೊನೆಯವರೆಗೆ ಕೂತು ನೋಡಿದ ಮೇಲೆಯೇ ಕವರಿಗೆ ಹಾಕಬೇಕು. ಮೂರು ಗಂಟೆಯ ಮದುವೆಯಾದರೆ ಮೂರು ಗಂಟೆ.

"ಬೇಜಾರಾಗ್ತದಾ?" ಎಂದು ಒಮ್ಮೆ ಕೇಳಿದರು.

"ಸ್ವಲ್ಪ."

"ಆಗ್ಲಿ. ಬೇಜಾರಾಗುದೇ ನಿನ್ನ ಕೆಲಸ. ಖುಷಿ ಆಗುದು ಅವರ ಕೆಲಸ."

ಮದುವೆಯ ವಿಡಿಯೊಗಳಲ್ಲಿ ನಾನು ಕಲಿತ ಮುಖ್ಯ ವಿದ್ಯೆ ಎರಡು ಕಾಪಿ ಮಾಡುವುದು. ಒಂದು ಇಲ್ಲಿಯದು, ಇನ್ನೊಂದು "ಇಂಡಿಯಾ ಕಾಪಿ". ನ್ಯೂಜೆರ್ಸಿಯ ಎಡಿಸನ್ನಿನ ಅಂಕಲ್ ಒಬ್ಬರು ಮಗಳ ಮದುವೆಯ ವಿಡಿಯೊ ನೋಡಲು ಮಗಳನ್ನೂ ಕರೆದುಕೊಂಡು ಬಂದಿದ್ದರು. ರಿಸೆಪ್ಷನ್ ಭಾಗ ಬಂದಾಗ ಅವರು ಕನ್ನಡಕ ಸರಿಮಾಡಿಕೊಂಡರು.

"ನೋಡಮ್ಮ, ಇಂಡಿಯಾ ಕಾಪೀಲಿ ಈ ಕಿಸ್ ಬೇಡ. ಹಾಸನದಲ್ಲಿ ನಮ್ಮಮ್ಮ ನೋಡ್ತಾರೆ."

"ಡ್ಯಾನ್ಸ್ ಇರ್ಲಾ ಅಂಕಲ್?"

"ಡ್ಯಾನ್ಸ್ ಇರ್ಲಿ. ಹತ್ತಿರದಿಂದ ತೆಗೆದಿದ್ದು ಬೇಡ, ದೂರದ್ದು ಹಾಕು. ಮತ್ತೆ ಆ ಗ್ಲಾಸ್ ಇದ್ಯಲ್ಲ, ಅದು ಜ್ಯೂಸ್ ಥರ ಕಾಣಿಸುತ್ತಾ?"

"ಕಾಣಿಸಲ್ಲ ಅಂಕಲ್."

"ಹಂಗಾದ್ರೆ ಅದನ್ನೂ ತೆಗಿ."

"ಡ್ಯಾಡ್, ಇಟ್ಸ್ ಮೈ ವೆಡ್ಡಿಂಗ್" ಎಂದಳು ಮಗಳು.

"ಹೂಂ ಪುಟ್ಟ, ನಿನ್ ವೆಡ್ಡಿಂಗೇ. ನೋಡೋದು ನಮ್ಮಮ್ಮ."

ನಾನು ಎಲ್ಲವನ್ನೂ ತೆಗೆದೆ. ಆಮೇಲೆ ಕವರುಗಳ ಮೇಲೆ ವಿಳಾಸ ಬರೆಯುವಾಗ ಅದಲುಬದಲಾಯಿತು. ಹಾಸನಕ್ಕೆ ಇಲ್ಲಿಯ ಕಾಪಿ ಹೋಯಿತು. ತಿಂಗಳ ನಂತರ ಆ ಅಂಕಲ್ ಫೋನ್ ಮಾಡಿದರು.

"ನಮ್ಮಮ್ಮ ಎಲ್ಲಾ ನೋಡಿಬಿಟ್ರು ಕಣಮ್ಮ."

"ಏನಂದ್ರು ಅಂಕಲ್?"

"ಅಳಿಯನಿಗೆ ಈಗ್ಲೇ ಕೂದಲು ಉದುರ್ತಿದೆ, ಎಣ್ಣೆ ಹಚ್ಕೊಳ್ಳೋಕೆ ಹೇಳು ಅಂದ್ರು."

ವಿನ್ಸೆಂಟ್ ಅಂಕಲ್ ಈ ಕಥೆಯನ್ನು ಬಂದವರಿಗೆಲ್ಲ ಹೇಳಿ ನಕ್ಕರು. ನಾನೂ ನಕ್ಕೆ. ತಪ್ಪು ಕಾಪಿ ಹೋದರೆ ಹೆಚ್ಚೆಂದರೆ ಇಷ್ಟೇ ಆಗುವುದು ಎಂದು ನನ್ನ ಮನಸ್ಸಿನಲ್ಲಿ ಕೂತಿತು. ಯಾವುದನ್ನು ಕಲಿಯಬಾರದೋ ಅದನ್ನು ಎಷ್ಟು ಸಲೀಸಾಗಿ ಕಲಿಯುತ್ತೇವೆ ಎಂದು ಈಗ ಅನಿಸುತ್ತದೆ.

ಮೂರನೆಯ ವರ್ಷ, ಎರಡು ಸಾವಿರದ ಎಂಟರ ಸೆಪ್ಟೆಂಬರಿನಲ್ಲಿ, ದೊಡ್ಡ ಬ್ಯಾಂಕು ಮುಳುಗಿದ ಸುದ್ದಿ ಟಿವಿಯಲ್ಲಿ ಬಂತು. ನಮ್ಮ ವಿಡಿಯೊ ಅಂಗಡಿಗೆ ಅದು ತಲುಪಲು ಮೂರು ತಿಂಗಳು ಹಿಡಿಯಿತು. ಹೋಟೆಲಿನ ಹಾಲ್‌ಗಳಲ್ಲಿ ನಡೆಯುತ್ತಿದ್ದ ಮದುವೆಗಳು ದೇವಸ್ಥಾನದ ನೆಲಮಾಳಿಗೆಗೆ ಇಳಿದವು. ವಿಡಿಯೊವನ್ನು ಯಾರದೋ ತಮ್ಮನೇ ತೆಗೆಯುತ್ತಿದ್ದ. ನಮ್ಮಲ್ಲಿದ್ದ ಇನ್ನಿಬ್ಬರನ್ನು ವಿನ್ಸೆಂಟ್ ಅಂಕಲ್ ಒಂದೇ ಶುಕ್ರವಾರ ಕಳಿಸಿಕೊಟ್ಟರು. ಅವರ ಕುರ್ಚಿಗಳು ಹಾಗೆಯೇ ಇದ್ದವು. ವೀಸಾದವರಿಗೆ ಆಗ ಕೆಲಸ ಹೋದರೆ ದೇಶದಲ್ಲಿ ಉಳಿಯಲು ದಾರಿ ಇರಲಿಲ್ಲ. ನಾನು ಊಟದ ಹೊತ್ತಿನಲ್ಲೂ ಎದ್ದು ಹೊರಗೆ ಹೋಗುವುದನ್ನು ಬಿಟ್ಟೆ.

ಖಾಲಿಯಾದ ಕೋಣೆಯನ್ನು ಅವರು ಗಂಟೆಯ ಲೆಕ್ಕದಲ್ಲಿ ಬಾಡಿಗೆಗೆ ಕೊಡಲು ಶುರುಮಾಡಿದರು, ಕೋಣೆಯ ಜೊತೆಗೆ ನನ್ನನ್ನೂ. ಹಾಗೆ ಬಂದವರು ಫರ್ಝಾನೆ.

ಅವರಿಗೆ ಅರವತ್ತರ ಹತ್ತಿರ. ಇರಾನ್ ಬಿಟ್ಟು ಬಂದು ಬಹಳ ವರ್ಷವಾಗಿತ್ತು. ನ್ಯೂಜೆರ್ಸಿಯ ಈಸ್ಟ್ ಬ್ರನ್ಸ್‌ವಿಕ್ಕಿನಲ್ಲಿ ಒಬ್ಬರೇ ಇದ್ದು, ಒಂದು ಕಾಲೇಜಿನಲ್ಲಿ ವಾರಕ್ಕೆರಡು ದಿನ ಪಾಠ ಮಾಡುತ್ತಿದ್ದರು. ಆ ದೇಶದ ಹಳೆಯ ವಿಡಿಯೊ ಟೇಪುಗಳನ್ನು ಓದುವ ಯಂತ್ರ ನಮ್ಮಲ್ಲಿದೆ ಎಂದು ಯಾರೋ ಹೇಳಿ ಬಂದಿದ್ದರು. ಎರಡು ಸೂಟ್‌ಕೇಸ್ ತುಂಬ ಇರಾನಿನ ಸಿನಿಮಾಗಳ ಟೇಪುಗಳು.

ನಾವು ಮಾತಾಡುತ್ತಿದ್ದುದು ಇಂಗ್ಲಿಷಿನಲ್ಲಿ. ಮೊದಲ ದಿನವೇ ಅವರು ವಿವರಿಸಿದರು: ಅಲ್ಲಿಯ ಸಿನಿಮಾದಲ್ಲಿ ಗಂಡು ಹೆಣ್ಣು ಒಬ್ಬರನ್ನೊಬ್ಬರು ಮುಟ್ಟುವಂತಿಲ್ಲ. ಕಥೆಯಲ್ಲಿ ಅವರು ಗಂಡ ಹೆಂಡತಿ ಆಗಿರಬಹುದು, ತಾಯಿ ಮಗ ಆಗಿರಬಹುದು. ನಟರು ನಿಜವಾಗಿ ಸಂಬಂಧಿಕರಲ್ಲವಲ್ಲ, ಅದಕ್ಕೆ. ಮನೆಯೊಳಗೆ ಮಲಗಿರುವ ಹೆಂಗಸಿನ ತಲೆಯ ಮೇಲೂ ಬಟ್ಟೆ ಇರಬೇಕು.

"ಹಾಗಾದರೆ ನೀವು ಏನನ್ನು ಹುಡುಕುತ್ತಿದ್ದೀರಿ?" ಎಂದು ಕೇಳಿದೆ.

"ಮುಟ್ಟಬೇಕಾದ ಕಡೆ ಅವರು ಏನು ಮಾಡಿದರು ಎಂಬುದನ್ನು" ಎಂದರು.

ಮುಂದಿನ ಏಳೆಂಟು ತಿಂಗಳು ನಾವಿಬ್ಬರೂ ಅದನ್ನೇ ನೋಡಿದೆವು. ಗಂಡ ನೀರಿನ ಲೋಟವನ್ನು ಕಟ್ಟೆಯ ಮೇಲಿಟ್ಟು ಕೈ ಹಿಂದಕ್ಕೆ ತೆಗೆದ ಮೇಲೆ ಹೆಂಡತಿ ಅದನ್ನು ಎತ್ತಿಕೊಳ್ಳುತ್ತಾಳೆ. ಗಾಯಗೊಂಡವನನ್ನು ಹೆಂಡತಿ ಕಂಬಳಿ ಹಿಡಿದು ಎಳೆಯುತ್ತಾಳೆ. ಬಹಳ ದಿನಗಳ ಮೇಲೆ ಎದುರಾದ ಇಬ್ಬರು ತಮ್ಮ ನಡುವೆ ಇರುವ ಮಗುವಿನ ತಲೆಯನ್ನು ಒಂದೇ ಸಲ ಸವರುತ್ತಾರೆ. ಇಂಥ ನೂರಾರು ತುಣುಕುಗಳನ್ನು ಒಂದರ ಪಕ್ಕ ಒಂದು ಇಟ್ಟು, ಕಥೆ ಇಲ್ಲದ, ನಿರೂಪಣೆ ಇಲ್ಲದ ಐವತ್ತು ನಿಮಿಷದ ಚಿತ್ರವೊಂದನ್ನು ಅವರು ಕಟ್ಟುತ್ತಿದ್ದರು. ಮದುವೆಯ ವಿಡಿಯೊದಲ್ಲಿ ನಾನು ತೆಗೆದುಹಾಕುತ್ತಿದ್ದುದನ್ನು ಇಲ್ಲಿ ಹುಡುಕಬೇಕಿತ್ತು. ನಮ್ಮ ಮನೆಯಲ್ಲಿ ಅಪ್ಪ ಅಮ್ಮ ಒಬ್ಬರ ಕೈ ಒಬ್ಬರು ಹಿಡಿದದ್ದನ್ನು ನಾನು ನೋಡಿಲ್ಲ. ಅಪ್ಪ ಆಫೀಸಿಗೆ ಹೊರಟಾಗ ಅಮ್ಮ ಕರವಸ್ತ್ರವನ್ನು ಕಿಟಕಿಯ ಅಂಚಿನಲ್ಲಿಡುತ್ತಿದ್ದರು, ಅಪ್ಪ ಅಲ್ಲಿಂದ ತೆಗೆದುಕೊಳ್ಳುತ್ತಿದ್ದರು. ಇದನ್ನು ನಾನು ಫರ್ಝಾನೆಯವರಿಗೆ ಹೇಳಲಿಲ್ಲ. ಆದರೆ ಆ ತುಣುಕುಗಳನ್ನು ಎಲ್ಲಿ ಶುರುಮಾಡಬೇಕು, ಎಲ್ಲಿ ನಿಲ್ಲಿಸಬೇಕು ಎಂದು ನನಗೆ ಹೇಳಿಕೊಡಬೇಕಾಗಲಿಲ್ಲ. ಅವರು ತಮ್ಮ ಭಾಷೆಯ ಅಕ್ಕರೆಯ ಪದ ಸೇರಿಸಿ "ರೇಷ್ಮಾ ಜಾನ್, ನಿನಗೆ ಇದೆಲ್ಲ ಹೇಗೆ ಗೊತ್ತು?" ಎನ್ನುತ್ತಿದ್ದರು. ಆ ವೃತ್ತಿಯಲ್ಲಿ ನನಗೆ ಸಿಕ್ಕ ಒಂದೇ ಹೊಗಳಿಕೆ ಅದು.

ಒಂದು ತುಣುಕು ಮಾತ್ರ ಯಾವ ಸಿನಿಮಾದ್ದೂ ಅಲ್ಲ. ತೆಹ್ರಾನಿನಲ್ಲಿ ಅವರ ಗೆಳತಿ ಮಿನೂ ಎಂಬ ನಟಿ ಇದ್ದರು. ಕೆಲವು ವರ್ಷಗಳ ಹಿಂದೆ ಫರ್ಝಾನೆ ಊರಿಗೆ ಹೋದಾಗ ಮಿನೂ ತಮ್ಮ ಮನೆಯಲ್ಲಿ ಒಂದು ಪಾತ್ರಕ್ಕೆ ತಯಾರಿ ಮಾಡಿಕೊಳ್ಳುತ್ತಿದ್ದರು. ಯುದ್ಧದಿಂದ ಮರಳಿದ ಮಗನಿಗೆ ತಾಯಿ ಬಾಗಿಲು ತೆರೆಯುವ ದೃಶ್ಯ. ಸಿನಿಮಾದಲ್ಲಿ ಆ ತಾಯಿ ಮಗನ ಕೈಚೀಲ ಹಿಡಿದುಕೊಂಡು ಅಳುತ್ತಾಳೆ. ಮನೆಯಲ್ಲಿ, ತಲೆಯ ಮೇಲೆ ಬಟ್ಟೆ ಇಲ್ಲದೆ, ಮಿನೂ ಮಗನ ಪಾತ್ರ ಮಾಡುವ ಹುಡುಗನನ್ನು ತಬ್ಬಿಕೊಂಡರು. ಅರ್ಧ ನಿಮಿಷ. ಫರ್ಝಾನೆ ಚಿಕ್ಕ ಕ್ಯಾಮೆರಾದಲ್ಲಿ ಅದನ್ನು ತೆಗೆದಿದ್ದರು.

ಮಿನೂ ಒಪ್ಪಿದ್ದು ಶಬ್ದಕ್ಕೆ ಮಾತ್ರ. ಬಾಗಿಲ ಸದ್ದು, ಬಟ್ಟೆಯ ಸದ್ದು, ಅವರ ಉಸಿರು. ಚಿತ್ರ ಕಾಣಬಾರದು, ಪರದೆ ಕಪ್ಪಾಗಿರಬೇಕು. ಅದು ಹೊರಗೆ ಬಂದರೆ ಏನಾಗುತ್ತದೆ ಎಂಬುದನ್ನು ನನಗೆ ಯಾರೂ ಬಿಡಿಸಿ ಹೇಳಬೇಕಾಗಿರಲಿಲ್ಲ. ಆ ಬೇಸಿಗೆಯಲ್ಲಿ ಚುನಾವಣೆಯ ನಂತರ ತೆಹ್ರಾನಿನ ಬೀದಿಗಳಲ್ಲಿ ಜನರನ್ನು ಹೊಡೆದು ಎಳೆದೊಯ್ಯುವುದನ್ನು ದಿನವೂ ಟಿವಿಯಲ್ಲಿ ನೋಡುತ್ತಿದ್ದೆವು. ಇನ್ನೊಂದು ವಿಷಯವೂ ಇತ್ತು. ಮಿನೂ ಅವರ ಒಬ್ಬಳೇ ಮಗಳು ಆಶ್ರಯ ಕೇಳಿಕೊಂಡು ಟೊರಾಂಟೊಗೆ ಹೋದವಳು, ಊರಿಗೆ ಮರಳುವಂತಿರಲಿಲ್ಲ. ಅವಳು ಬಸುರಿ. ಅಕ್ಟೋಬರಿನಲ್ಲಿ ಬಾಣಂತನಕ್ಕೆ ಹೋಗಲು ಮಿನೂ ಟಿಕೆಟ್ ತೆಗೆಸಿದ್ದರು. ಎಡಿಟಿಂಗ್ ನಡುವೆ ಫರ್ಝಾನೆ ಮಿನೂಗೆ ಫೋನ್ ಮಾಡಿದಾಗ ಎಳೆಮಗುವಿಗೆ ಯಾವ ಉಣ್ಣೆ ಚುಚ್ಚುವುದಿಲ್ಲ ಎಂಬ ಬಗ್ಗೆಯೇ ಮಾತು ನಡೆಯುತ್ತಿತ್ತಂತೆ.

ಇನ್ನು ಕೆಲಸದ ವಿಷಯ. ಕಂಪ್ಯೂಟರಿನಲ್ಲಿ ಚಿತ್ರಗಳನ್ನು ಒಂದರ ಮೇಲೊಂದು ಪದರಗಳಾಗಿ ಇಡಬಹುದು. ಮೇಲಿನ ಪದರ ಕೆಳಗಿನದನ್ನು ಮುಚ್ಚುತ್ತದೆ. ಪ್ರತಿ ಪದರಕ್ಕೂ ಎಡಗಡೆ ಒಂದು ಚಿಕ್ಕ ಹಸಿರು ಗುಂಡಿ ಇರುತ್ತದೆ. ಒತ್ತಿದರೆ ಹಸಿರು ಆರಿ, ಆ ಪದರ ಮರೆಯಾಗಿ ಕೆಳಗಿನದು ಕಾಣುತ್ತದೆ. ನಾನು ಮಿನೂ ಅವರ ಚಿತ್ರವನ್ನು ಕತ್ತರಿಸಿ ತೆಗೆದು ಶಬ್ದ ಮಾತ್ರ ಉಳಿಸುವವಳಿದ್ದೆ. ಫರ್ಝಾನೆ ನನ್ನ ಕೈ ತಡೆದರು.

"ಕತ್ತರಿಸಬೇಡ. ಅಲ್ಲಿಯ ಸೆನ್ಸಾರಿನವರು ಕತ್ತರಿಸುತ್ತಾರೆ. ನಾವು ಮುಚ್ಚೋಣ. ಅವಳು ಅಲ್ಲಿಯೇ ಇರಲಿ, ಕಪ್ಪಿನ ಕೆಳಗೆ."

"ನೋಡುವವರಿಗೆ ಎರಡೂ ಒಂದೇ ಅಲ್ಲವೇ?"

"ನೋಡುವವರಿಗೆ ಒಂದೇ. ನನಗೆ ಅಲ್ಲ."

ಎಡಿಟರ್ ಆಗಿ ನಾನು ಬೇಡ ಎನ್ನಬೇಕಿತ್ತು. ಹೊರಗೆ ಹೋಗಬಾರದ ಚಿತ್ರ ಹೊರಗೆ ಹೋಗುವ ಕಡತದಲ್ಲಿ ಇರಬಾರದು. ಆದರೆ ಅವರ ಮಾತು ನನಗೆ ಹಿಡಿಸಿತು. ಕಪ್ಪನ್ನು ಮೇಲಿನ ಪದರದಲ್ಲಿಟ್ಟೆ.

ಆಗಸ್ಟಿನ ಒಂದು ಸೋಮವಾರ ಯುರೋಪಿನ ಒಂದು ಚಿತ್ರೋತ್ಸವದ ಆಯ್ಕೆ ಸಮಿತಿಗೆ ಡಿಸ್ಕ್ ಹೋಗಬೇಕಿತ್ತು. ಕೊರಿಯರಿನವನು ಐದು ಗಂಟೆಗೆ ಬರುವವನು. ಮಧ್ಯಾಹ್ನ ಬಾಗಿಲಿನ ಸದ್ದು ತುಸು ಮುಂದಿದೆ ಎನಿಸಿ, ಚಿತ್ರದಲ್ಲಿ ಬಾಗಿಲು ಯಾವಾಗ ತೆರೆಯುತ್ತದೆ ಎಂದು ನೋಡಲು ಹಸಿರು ಗುಂಡಿ ಒತ್ತಿದೆ. ಕಪ್ಪು ಮರೆಯಾಯಿತು. ಸದ್ದನ್ನು ಸರಿಯಾದ ಜಾಗಕ್ಕೆ ಸರಿಸಿದೆ. ಗುಂಡಿಯನ್ನು ಮತ್ತೆ ಒತ್ತಲಿಲ್ಲ. ಡಿಸ್ಕ್ ಮಾಡಿದೆ. ಮೊದಲ ಐದು ನಿಮಿಷ, ಕೊನೆಯ ಎರಡು ನಿಮಿಷ ನೋಡಿ ಕವರಿಗೆ ಹಾಕಿದೆ. ಆ ತುಣುಕು ಇದ್ದದ್ದು ನಲವತ್ತನೆಯ ನಿಮಿಷದಲ್ಲಿ.

ಮರುದಿನ ಬೆಳಿಗ್ಗೆ ಬಂದು ಕಂಪ್ಯೂಟರ್ ತೆರೆದಾಗ ಗುಂಡಿಯಲ್ಲಿ ಹಸಿರು ಇರಲಿಲ್ಲ. ಡಿಸ್ಕಿಗೆ ಹೋದ ಕಡತವನ್ನು ತೆರೆದು ನಲವತ್ತನೆಯ ನಿಮಿಷಕ್ಕೆ ಹೋದೆ. ಬಿಚ್ಚು ಕೂದಲಿನ ಮಿನೂ ಆ ಹುಡುಗನ ಬೆನ್ನನ್ನು ಎರಡೂ ಕೈಯಲ್ಲಿ ಹಿಡಿದುಕೊಂಡು ನಿಂತಿದ್ದರು.

ವಿನ್ಸೆಂಟ್ ಅಂಕಲ್‌ಗೆ ತೋರಿಸಿದೆ. ಅವರು ಪಕ್ಕದ ಖಾಲಿ ಕುರ್ಚಿ ಎಳೆದು ಕೂತರು.

"ಅವರಿಗೆ ಹೇಳಿದ್ಯಾ?"

"ಇಲ್ಲ."

"ನೋಡು ಮಾರಾಯ್ತಿ, ಅಲ್ಲಿ ಕೂತು ನೋಡುವವರು ನಾಲ್ಕು ಜನ. ರಾಶಿ ಡಿಸ್ಕ್ ಬಂದಿರ್ತದೆ. ಅರ್ಧ ನೋಡಿ ಬಿಸಾಡ್ತಾರೆ. ಸೆಲೆಕ್ಟ್ ಆದ್ರೆ ಸರಿಯಾದ ಕಾಪಿ ಕಳ್ಸುವ."

"ಹೇಳ್ಬೇಕಲ್ವಾ ಅಂಕಲ್?"

"ಹೇಳ್ಬೇಕಾದ್ರೆ ಹೇಳು, ನಾನು ಬೇಡ ಅನ್ನುದಿಲ್ಲ. ಆದ್ರೆ ಅವರು ಕಾಲೇಜಿನ ಜನ. ಲಾಯರ್ ಗೀಯರ್ ಅಂತ ಹೊರಟ್ರೆ ಈ ಅಂಗಡಿ ನಾಳೆಯೇ ಬಂದ್. ನಿನ್ನ ವೀಸಾದಲ್ಲಿ ಇರುದು ಈ ಅಂಗಡಿ ಹೆಸ್ರೇ ಅಲ್ವಾ?"

ಅವರು ಹೇಳಿದ್ದಕ್ಕೆ ಸುಮ್ಮನಾದೆ ಎಂದು ಬರೆದರೆ ಸುಳ್ಳಾಗುತ್ತದೆ. ಅವರು ಹಾಗೆಯೇ ಹೇಳಲಿ ಎಂದು ನಾನು ಅವರ ಬಳಿ ಹೋಗಿದ್ದೆ. ಗುಂಡಿ ಒತ್ತಿ ಕಪ್ಪನ್ನು ಮರಳಿ ತಂದೆ. ಆ ಗುರುವಾರ ಫರ್ಝಾನೆ ಬಂದು ಎಂದಿನಂತೆ ಪಿಸ್ತಾ ಪೊಟ್ಟಣವನ್ನು ನನ್ನ ಮುಂದಿಟ್ಟರು. ನಾನು ತಿಂದೆ.

ಆಯ್ಕೆ ಸಮಿತಿಯವರು ಅರ್ಧ ನೋಡಿ ಬಿಸಾಡಲಿಲ್ಲ. ಪೂರ್ತಿ ನೋಡಿ, ಮೆಚ್ಚಿ, ಆರಿಸಿದರು. ಅಲ್ಲಿಯ ಯಾರೋ ಚಿತ್ರದ ಅತ್ಯಂತ ಹೃದಯಸ್ಪರ್ಶಿ ಭಾಗವೆಂದು ಆ ಅರ್ಧ ನಿಮಿಷವನ್ನೇ ಕತ್ತರಿಸಿ ಉತ್ಸವದ ವೆಬ್‌ಸೈಟಿನಲ್ಲಿ ಹಾಕಿದರು. ಅದು ನಾಲ್ಕು ದಿನ ಅಲ್ಲಿತ್ತು. ತೆಹ್ರಾನಿನಿಂದ ಪರಿಚಯದವರೊಬ್ಬರು ಫೋನ್ ಮಾಡಿದ ಮೇಲೆ ಫರ್ಝಾನೆಗೆ ಗೊತ್ತಾಯಿತು. ಅವರು ಕೂಡಲೇ ತೆಗೆಸಿದರು. ಅಷ್ಟರಲ್ಲಿ ನೋಡಬೇಕಾದವರು ನೋಡಿಯಾಗಿತ್ತು.

ಅಲ್ಲಿಯ ಅಧಿಕಾರಿಗಳು ಮಿನೂ ಅವರನ್ನು ವಿಚಾರಣೆಗೆ ಮೂರು ಸಲ ಕರೆಸಿದರು. ಮೂರನೆಯ ಸಲ ಪಾಸ್‌ಪೋರ್ಟ್ ಇಟ್ಟುಕೊಂಡು ಕಳಿಸಿದರು. ಆಮೇಲೆ ಯಾರೂ ಅವರಿಗೆ ಪಾತ್ರ ಕೊಡಲಿಲ್ಲ. ಅಕ್ಟೋಬರಿನ ಟಿಕೆಟ್ ಹಾಗೆಯೇ ಉಳಿಯಿತು. ಟೊರಾಂಟೊದಲ್ಲಿ ಹೆಣ್ಣು ಮಗು ಹುಟ್ಟಿತು, ಬಾಣಂತನಕ್ಕೆ ಪಕ್ಕದ ಮನೆಯವರು ಬಂದರು. ಆ ಮಗುವಿಗೆ ಈಗ ಆರನೆಯ ವರ್ಷ. ಅಜ್ಜಿ ಅವಳನ್ನು ಇನ್ನೂ ಎತ್ತಿಕೊಂಡಿಲ್ಲ.

ಸುದ್ದಿ ತಿಳಿದ ದಿನ ಫರ್ಝಾನೆ ಹಿಲ್‌ಸೈಡ್ ಅವೆನ್ಯೂಗೆ ಬಂದಾಗ ಕೂಗಾಡಲಿಲ್ಲ. "ಹೇಗಾಯಿತು, ತೋರಿಸು" ಎಂದರು. ನಾನು ಹಸಿರು ಗುಂಡಿ ತೋರಿಸಿದೆ. ಅವರು ಅದನ್ನು ತಾವೇ ಒತ್ತಿದರು, ಮತ್ತೆ ಒತ್ತಿದರು. ಗೆಳತಿ ಕಂಡಳು, ಮರೆಯಾದಳು, ಕಂಡಳು.

"ಇಷ್ಟೇನಾ?"

"ಇಷ್ಟೇ."

"ನಿನಗೆ ಯಾವಾಗ ಗೊತ್ತಾಯಿತು?"

ನಾನು "ಈಗ, ನೀವು ಹೇಳಿದ ಮೇಲೆ" ಎಂದೆ. ಒಳಕೋಣೆಯಲ್ಲಿ ವಿನ್ಸೆಂಟ್ ಅಂಕಲ್ ಕೆಮ್ಮಿದರು, ಹೊರಗೆ ಬರಲಿಲ್ಲ.

ಫರ್ಝಾನೆ ಗುಂಡಿಯನ್ನು ಇನ್ನೊಮ್ಮೆ ಒತ್ತಿ ಪರದೆಯನ್ನು ಕಪ್ಪು ಮಾಡಿದರು. ಆಮೇಲೆ ಎದ್ದು ಬಂದು ನನ್ನನ್ನು ತಬ್ಬಿಕೊಂಡರು. "ನಿನ್ನ ತಪ್ಪಲ್ಲ. ಕತ್ತರಿಸಲು ಹೊರಟವಳು ನೀನು. ಬೇಡ ಎಂದವಳು ನಾನು" ಎಂದು ನನ್ನ ಹೆಗಲ ಮೇಲೆ ಅತ್ತರು. ಯಾರಾದರೂ ತಬ್ಬಿಕೊಂಡರೆ ಏನು ಮಾಡಬೇಕೆಂದು ನನಗೆ ಮೊದಲೇ ತಿಳಿಯದು. ಅವತ್ತು ಕೈ ಎತ್ತಲೂ ಆಗಲಿಲ್ಲ. ಅವರ ಮಾತಿನಂತೆ ಆ ಅರ್ಧ ನಿಮಿಷದ ಚಿತ್ರವನ್ನೂ ಶಬ್ದವನ್ನೂ ಎಲ್ಲ ಕಡೆಯಿಂದ ಅಳಿಸಿದೆ. ಚಿತ್ರೋತ್ಸವದಿಂದ ಅವರು ಸಿನಿಮಾವನ್ನು ಹಿಂತೆಗೆದುಕೊಂಡರು. ಅದು ಎಲ್ಲೂ ಪ್ರದರ್ಶನವಾಗಿಲ್ಲ.

ಮುಂದಿನ ವಸಂತದಲ್ಲಿ ಗ್ರಂಥಾಲಯ ವಿಜ್ಞಾನ ಓದಲು ಸೇರಿಕೊಂಡು ಕೆಲಸ ಬಿಟ್ಟೆ. ವಿನ್ಸೆಂಟ್ ಅಂಕಲ್ ಅದೇ ವರ್ಷ ಅಂಗಡಿ ಮುಚ್ಚಿದರು. ಈಗ ನಾನು ಪುಸ್ತಕಗಳಿಗೆ ಸಂಖ್ಯೆ ಹಾಕುತ್ತೇನೆ. ಸಂಖ್ಯೆ ತಪ್ಪಿದರೆ ಪುಸ್ತಕ ಬೇರೆ ಕಪಾಟಿಗೆ ಹೋಗುತ್ತದೆ, ಅಷ್ಟೇ.

ಹೊಸದಾಗಿ ಈ ಕೆಲಸಕ್ಕೆ ಬರುವವರಿಗೆ ಹೇಳುವುದಾದರೆ: ಗುಂಡಿ ಮರೆಯುವುದು ಯಾರಿಗೂ ಆಗಬಹುದು, ನಿಮಗೂ ಆಗುತ್ತದೆ. ಮಂಗಳವಾರ ಬೆಳಿಗ್ಗೆ ಗೊತ್ತಾದದ್ದನ್ನು ಮಂಗಳವಾರ ಬೆಳಿಗ್ಗೆಯೇ ಹೇಳಿ. ನನಗೆ ಇದನ್ನು ಹೇಳಲು ಐದು ವರ್ಷ ಹಿಡಿಯಿತು.

ಕಳೆದ ಶರತ್ಕಾಲದ ಒಂದು ಶನಿವಾರ ಬಸ್ಸು ಹಿಡಿದು ಈಸ್ಟ್ ಬ್ರನ್ಸ್‌ವಿಕ್ಕಿಗೆ ಹೋದೆ. ಫರ್ಝಾನೆ ಪಾಠ ಮಾಡುವುದನ್ನು ಬಿಟ್ಟಿದ್ದರು. ಮಂಡಿನೋವಿನಿಂದ ನಡೆಯುವುದು ಕಷ್ಟವಾಗಿತ್ತು. ನನ್ನನ್ನು ನೋಡಿ ಸಂತೋಷಪಟ್ಟು ಚಹಾ ಮಾಡಿದರು. ಟೊರಾಂಟೊದ ಮಗುವಿನ ಫೋಟೊ ತೋರಿಸಿದರು. ಫೋಟೊವನ್ನು ಮೇಜಿನ ಮೇಲಿಟ್ಟು ನಾನು ಹೇಳಿದೆ:

"ಆ ಡಿಸ್ಕಿನ ವಿಷಯ ನನಗೆ ಗೊತ್ತಾದದ್ದು ನೀವು ಬಂದು ಹೇಳಿದ ದಿನ ಅಲ್ಲ. ಕಳಿಸಿದ ಮರುದಿನವೇ."

ಅವರು ಚಹಾ ಬಗ್ಗಿಸುತ್ತಿದ್ದವರು ನಿಲ್ಲಿಸಿದರು.

"ಮರುದಿನ ಅಂದರೆ ಮಂಗಳವಾರ."

"ಹೌದು."

"ಎಷ್ಟು ಗಂಟೆಗೆ?"

"ಬೆಳಿಗ್ಗೆ. ಹತ್ತೂವರೆ ಇರಬೇಕು."

ಅವರು ತಮ್ಮ ಭಾಷೆಯಲ್ಲಿ, ಕೇಳಿಯೂ ಕೇಳದಷ್ಟು ಮೆಲ್ಲಗೆ, ಬೆರಳು ಮಡಚುತ್ತ ಎಣಿಸಿದರು. ಒಂದು ಕೈ ಮುಗಿದು ಇನ್ನೊಂದು ಕೈ ಮುಗಿದು ಮತ್ತೆ ಮೊದಲ ಕೈಗೆ ಬಂದರು.

"ಡಿಸ್ಕ್ ತಲುಪಿದ್ದು ಶುಕ್ರವಾರ. ವೆಬ್‌ಸೈಟಿಗೆ ಹಾಕಿದ್ದು ಅದರ ಮುಂದಿನ ವಾರ ಕಳೆದು, ಸೋಮವಾರ. ಹದಿಮೂರು ದಿನ ಇತ್ತು" ಎಂದರು.

"ಹೌದು. ನಾನೂ ಎಣಿಸಿದ್ದೇನೆ."

"ಒಂದು ಫೋನ್ ಸಾಕಿತ್ತು."

"ಹೌದು."

"ಮಿನೂಗೆ ನಾನು ಇಷ್ಟು ವರ್ಷ ಏನು ಹೇಳಿದ್ದೇನೆ ಗೊತ್ತೇ? ನನ್ನ ಹಟದಿಂದ ಆಯಿತು ಎಂದು. ಅವಳು ನನ್ನನ್ನು ಕ್ಷಮಿಸಿದ್ದಾಳೆ. ಈಗ ಅವಳಿಗೆ ಏನು ಹೇಳಲಿ?"

ವೀಸಾ ಎಂಬ ಪದ ಬಾಯಿಯವರೆಗೆ ಬಂದಿತ್ತು. ಮೇಜಿನ ಮೇಲೆ ಆ ಮಗುವಿನ ಫೋಟೊ ಇತ್ತು. ನಾನು ಅದನ್ನು ಹೇಳಲಿಲ್ಲ.

ಅವರು ಚಹಾದ ಪಾತ್ರೆಯನ್ನು ಅಡುಗೆಮನೆಗೆ ಒಯ್ದು ಇಟ್ಟು ಬಂದರು. ನನ್ನ ಲೋಟ ಅರ್ಧ ತುಂಬಿತ್ತು.

"ನಿನ್ನ ಬಸ್ಸು ಎಷ್ಟಕ್ಕೆ?" ಎಂದು ಕೇಳಿದರು.

"ನಾಲ್ಕು ಹತ್ತಕ್ಕೆ."

"ಹಾಗಾದರೆ ಹೊರಡು."

ಆಗ ಮೂರು ಇಪ್ಪತ್ತು. ಬಸ್ಸು ನಿಲ್ಲುವುದು ಅವರ ಮನೆಯ ಎದುರಿನಲ್ಲೇ. ನಾನು ಎದ್ದು ಚಪ್ಪಲಿ ಹಾಕಿಕೊಂಡೆ.